ಜ್ವರವಿಲ್ಲದವರಿಗೂ ಮಾತ್ರೆ ಏಕೆ? ಎರಿತ್ರೋಮೈಸಿನ್ ಎಂಬ ಹಳೆಯ ಮದ್ದಿನ ಸುತ್ತ

ಮನೆಯ ಒಂದು ಮಗುವಿಗೆ ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಬಂದಿದೆ ಎಂದುಕೊಳ್ಳಿ. ಮಗುವನ್ನು ಆಸ್ಪತ್ರೆಗೆ ಸೇರಿಸಿದ್ದಾಗಿದೆ. ಮರುದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಅಜ್ಜಿಗೆ, ಅಪ್ಪನಿಗೆ, ಅಕ್ಕನಿಗೆ, ಜೊತೆಗೆ ದಿನಾ ಆಟಕ್ಕೆ ಬರುತ್ತಿದ್ದ ಪಕ್ಕದ ಮನೆಯ ಹುಡುಗನಿಗೂ ಮಾತ್ರೆ ಕೊಡುತ್ತಾರೆ. "ನಂಗೇನೂ ಆಗಿಲ್ವಲ್ಲಮ್ಮ, ನಾನ್ಯಾಕೆ ಮಾತ್ರೆ ನುಂಗ್ಲಿ?" ಎನ್ನುತ್ತಾರೆ ಅಜ್ಜಿ. ಆದರೂ ನುಂಗುತ್ತಾರೆ. ಎರಡನೆಯ ದಿನಕ್ಕೆ ಹೊಟ್ಟೆ ಹಿಡಿದು ತಿರುಚಿದಂತಾಗುತ್ತದೆ. ಮೂರನೆಯ ದಿನ ಸ್ಟ್ರಿಪ್ ದೇವರ ಗೂಡಿನ ಪಕ್ಕ ಸೇರುತ್ತದೆ.

ಆ ಸ್ಟ್ರಿಪ್ಪಿನ ಮೇಲಿರುವ ಹೆಸರು ಎರಿತ್ರೋಮೈಸಿನ್. 1952ರಿಂದ ಬಳಕೆಯಲ್ಲಿರುವ ಮದ್ದು ಇದು. ಇದರ ವಂಶದಲ್ಲೇ ಆಮೇಲೆ ಹುಟ್ಟಿದ ಅಜಿತ್ರೋಮೈಸಿನ್ ಕೋವಿಡ್ ಕಾಲದಲ್ಲಿ ಮನೆಮನೆಯ ಮಾತಾಯಿತು, ಹಿರಿಯ ಮದ್ದಿನ ಹೆಸರು ಮಾತ್ರ ಹಿಂದೆ ಸರಿಯಿತು. ಹಾಗಿದ್ದರೂ ಕೆಲವು ಹೊತ್ತಿನಲ್ಲಿ ವೈದ್ಯರು ಇಂದಿಗೂ ಇದನ್ನೇ ಬರೆಯುತ್ತಾರೆ. ಅಜ್ಜಿಯ ಪ್ರಶ್ನೆಗೂ ಅವರ ಹೊಟ್ಟೆನೋವಿಗೂ ಸರಿಯಾದ ಉತ್ತರವಿದೆ. ಅದಕ್ಕಾಗಿ ಬುಡದಿಂದ ಬರಬೇಕು.

## ಎರಡು ಪದ

ಆ್ಯಂಟಿಬಯಾಟಿಕ್ ಎಂದರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅಥವಾ ಬೆಳೆಯದಂತೆ ತಡೆಯುವ ಮದ್ದು. ನೆಗಡಿ, ಫ್ಲೂ, ಡೆಂಗಿ ಬರುವುದು ವೈರಸ್‌ನಿಂದ. ಅವುಗಳ ಮೇಲೆ ಇದು ಕೆಲಸ ಮಾಡುವುದಿಲ್ಲ.

ಮ್ಯಾಕ್ರೋಲೈಡ್ ಎಂಬುದು ಆ್ಯಂಟಿಬಯಾಟಿಕ್‌ಗಳ ಒಂದು ಮನೆತನ. ಈ ಮನೆತನದ ಗುರುತು ದೊಡ್ಡದೊಂದು ಬಳೆ. ಎರಿತ್ರೋಮೈಸಿನ್‌ನ ಬಳೆಯಲ್ಲಿ 14 ಪರಮಾಣುಗಳಿವೆ, ಅದಕ್ಕೆ ಎರಡು ಸಕ್ಕರೆಯ ತುಣುಕುಗಳು ಜೋತುಬಿದ್ದಿವೆ. ಈ ಬಳೆಯ ಆಕಾರವನ್ನು ನೆನಪಿಡಿ. ಮದ್ದಿನ ಗುಣ, ದೋಷ ಎರಡೂ ಹುಟ್ಟುವುದು ಅಲ್ಲಿಂದಲೇ.

## ಇಲೋಯಿಲೋದ ಮಣ್ಣು

ಮೊದಲ ಮಳೆಗೆ ನೆಲದಿಂದ ಏಳುವ ಘಮವನ್ನು ಬಲ್ಲೆವಲ್ಲ, ಅದನ್ನು ಉಂಟುಮಾಡುವುದು ಬಹುಮಟ್ಟಿಗೆ ಮಣ್ಣಿನಲ್ಲಿರುವ ಆ್ಯಕ್ಟಿನೋಮೈಸೀಟ್ ಎಂಬ ಬಗೆಯ ಬ್ಯಾಕ್ಟೀರಿಯಾಗಳು. ಇವು ಬೂಷ್ಟಿನಂತೆ ಎಳೆಎಳೆಯಾಗಿ ಹಬ್ಬುತ್ತವೆ, ನೆರೆಹೊರೆಯ ಬ್ಯಾಕ್ಟೀರಿಯಾಗಳನ್ನು ತಡೆಯುವ ರಾಸಾಯನಿಕಗಳನ್ನೂ ಸ್ರವಿಸುತ್ತವೆ. 1943ರಲ್ಲಿ ಇಂಥದ್ದೇ ಒಂದರಿಂದ ಸ್ಟ್ರೆಪ್ಟೋಮೈಸಿನ್ ಸಿಕ್ಕಿತು. ಅಲ್ಲಿಂದ ಔಷಧ ಕಂಪನಿಗಳು ಲೋಕದ ಮೂಲೆಮೂಲೆಯಿಂದ ಹಿಡಿಹಿಡಿ ಮಣ್ಣು ತರಿಸಿಕೊಂಡು ಸೋಸತೊಡಗಿದವು.

ಫಿಲಿಪ್ಪೀನ್ಸ್‌ನ ವೈದ್ಯ ಅಬೆಲಾರ್ಡೊ ಅಗಿಲಾರ್ ಅಮೆರಿಕದ ಎಲಿ ಲಿಲ್ಲಿ ಕಂಪನಿಗೆ ಕೆಲಸ ಮಾಡುತ್ತಿದ್ದರು. 1949ರಲ್ಲಿ ಅವರು ತಮ್ಮ ಇಲೋಯಿಲೋ ಪ್ರಾಂತದ ಮಣ್ಣನ್ನು ಕಂಪನಿಗೆ ಕಳಿಸಿದರು. ಅದರಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ಜೆ. ಎಂ. ಮೆಕ್‌ಗೈರ್ ಅವರ ತಂಡ ಹೊಸ ಮದ್ದನ್ನು ಬೇರ್ಪಡಿಸಿತು. ಗ್ರೀಕಿನಲ್ಲಿ ಎರಿತ್ರೋಸ್ ಎಂದರೆ ಕೆಂಪು. ಆ ಜೀವಿಯ ಕೆಂಪು ಛಾಯೆಯೇ ಮದ್ದಿನ ಹೆಸರಿಗೂ ಅಂಟಿಕೊಂಡಿತು. ಮಾರುಕಟ್ಟೆಯಲ್ಲಿ ಅದಕ್ಕಿಟ್ಟ ಐಲೋಟೈಸಿನ್, ಐಲೋಸೋನ್ ಎಂಬ ಹೆಸರುಗಳಲ್ಲಿ ಇಲೋಯಿಲೋ ಊರು ಉಳಿಯಿತು. ಅಗಿಲಾರ್ ತಮಗೂ ರಾಯಲ್ಟಿ ಸಲ್ಲಬೇಕೆಂದು ಕೇಳುತ್ತಲೇ ಬಂದರು. 1993ರಲ್ಲಿ ತೀರಿಕೊಳ್ಳುವವರೆಗೂ ಅದು ಸಿಗಲಿಲ್ಲ. ಈ ಮದ್ದಿನ ಕಥೆ ಹೇಳುವಾಗ ಅವರ ಹೆಸರನ್ನು ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಆ ಜೀವಿ ಮದ್ದನ್ನು ತಯಾರಿಸುವ ರೀತಿ ಹೂ ಕಟ್ಟುವುದನ್ನು ಹೋಲುತ್ತದೆ. ತಲಾ ಮೂರು ಇಂಗಾಲವಿರುವ ಏಳು ಪುಟ್ಟ ತುಣುಕುಗಳನ್ನು ಒಂದಾದ ಮೇಲೊಂದರಂತೆ ಸರದಲ್ಲಿ ಸೇರಿಸಿ, ಕೊನೆಗೆ ಸರದ ಎರಡೂ ತುದಿಗಳನ್ನು ಗಂಟುಹಾಕಿ ಬಳೆ ಮಾಡುತ್ತದೆ. ಇದನ್ನೇ ಪ್ರಯೋಗಶಾಲೆಯಲ್ಲಿ ಮೊದಲಿನಿಂದ ಕಟ್ಟಲು ಆರ್. ಬಿ. ವುಡ್‌ವರ್ಡ್ ಅವರಂಥ ಮಹಾ ರಸಾಯನವಿಜ್ಞಾನಿಯ ದೊಡ್ಡ ತಂಡವೇ ಬೇಕಾಯಿತು. ಅದರ ವರದಿ ಪ್ರಕಟವಾದದ್ದು 1981ರಲ್ಲಿ, ವುಡ್‌ವರ್ಡ್ ತೀರಿಕೊಂಡು ಎರಡು ವರ್ಷವಾದ ಮೇಲೆ. ಕಾರ್ಖಾನೆಗಳಲ್ಲಿ ಮಾತ್ರ ಇಂದಿಗೂ ದೊಡ್ಡ ತೊಟ್ಟಿಗಳಲ್ಲಿ ಆ ಸೂಕ್ಷ್ಮಜೀವಿಯನ್ನೇ ಬೆಳೆಸಿ ಮದ್ದು ತೆಗೆಯುತ್ತಾರೆ.

## ಶಾವಿಗೆ ಒರಳಿನ ಬಾಯಿಗೆ ಸಿಕ್ಕ ಕಲ್ಲು

ಯಾವ ಜೀವಕೋಶವಾದರೂ ಬದುಕಲು ಪ್ರೋಟೀನು ಬೇಕು. ಪ್ರೋಟೀನು ತಯಾರಿಸುವ ಯಂತ್ರಕ್ಕೆ ರೈಬೋಸೋಮ್ ಎಂದು ಹೆಸರು. ಶಾವಿಗೆ ಒರಳನ್ನು ನೆನಪಿಸಿಕೊಳ್ಳಿ. ಮೇಲಿಂದ ಹಿಟ್ಟಿನ ಉಂಡೆ ಒತ್ತುತ್ತ ಹೋದಂತೆ ಕೆಳಗಿನ ತೂತಿನಿಂದ ಎಳೆ ಇಳಿಯುತ್ತದೆ. ರೈಬೋಸೋಮಿನೊಳಗೂ ಹಾಗೇ ಒಂದು ಸುರಂಗವಿದೆ. ಒಳಗೆ ಒಂದೊಂದೇ ಅಮೈನೋ ಆಮ್ಲ ಸೇರಿ ಬೆಳೆಯುವ ಪ್ರೋಟೀನಿನ ಎಳೆ ಈ ಸುರಂಗದಲ್ಲಿ ಸಾಗಿ ಹೊರಬರಬೇಕು.

ಎರಿತ್ರೋಮೈಸಿನ್ ಹೋಗಿ ಕೂರುವುದು ಸುರಂಗ ಶುರುವಾಗುವ ಜಾಗದ ಹತ್ತಿರ, ಒರಳಿನ ತೂತಿಗೆ ಸಿಕ್ಕ ಕಲ್ಲಿನಂತೆ. ಎಳೆ ಸ್ವಲ್ಪ ದೂರ ಬಂದು ನಿಂತುಬಿಡುತ್ತದೆ. ಕೆಲವು ಎಳೆಗಳು ಪಕ್ಕದ ಸಂದಿಯಲ್ಲಿ ನುಸುಳಿ ಹೊರಬರುವುದೂ ಉಂಟು, ಆದರೆ ಬ್ಯಾಕ್ಟೀರಿಯಾದ ಸಂಸಾರ ಅಷ್ಟರಿಂದ ನಡೆಯದು. ಅದು ಒಡನೆ ಸಾಯುವುದಿಲ್ಲ, ಬೆಳೆಯುವುದನ್ನು ನಿಲ್ಲಿಸುತ್ತದೆ. ಉಳಿದದ್ದನ್ನು ನಮ್ಮ ರಕ್ತದ ಬಿಳಿಕಣಗಳು ನೋಡಿಕೊಳ್ಳುತ್ತವೆ. ಹೃದಯದ ಕವಾಟದ ಸೋಂಕಿನಂಥ ಕಡೆ, ಬ್ಯಾಕ್ಟೀರಿಯಾಗಳನ್ನು ಕೊಂದೇ ತೀರಬೇಕಾದಲ್ಲಿ, ವೈದ್ಯರು ಇದೊಂದನ್ನೇ ನಂಬಿ ಕೂರದಿರುವುದಕ್ಕೆ ಇದು ಕಾರಣ.

ನಮ್ಮ ಜೀವಕೋಶಗಳಲ್ಲೂ ರೈಬೋಸೋಮ್ ಇದೆ. ಹಾಗಾದರೆ ಮಾತ್ರೆ ನಮ್ಮ ಯಂತ್ರವನ್ನೇಕೆ ನಿಲ್ಲಿಸುವುದಿಲ್ಲ? ಈ ಪ್ರಶ್ನೆಯ ಉತ್ತರ ನನಗೆ ಪ್ರತಿಸಲ ಓದಿದಾಗಲೂ ಬೆರಗು ಹುಟ್ಟಿಸುತ್ತದೆ. ರೈಬೋಸೋಮಿನ ಬಹುಪಾಲು ಆರ್‌ಎನ್‌ಎ ಎಂಬ ವಸ್ತುವಿನದು. ಆರ್‌ಎನ್‌ಎಯನ್ನು ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಸಾಲು ಎನ್ನಬಹುದು. ಮದ್ದು ಕೂರುವ ಕಡೆ, ವಿಜ್ಞಾನಿಗಳು 2058 ಎಂದು ಸಂಖ್ಯೆ ಕೊಟ್ಟ ಜಾಗದಲ್ಲಿ, ಬ್ಯಾಕ್ಟೀರಿಯಾಗಳಿಗೆ ಇರುವ ಅಕ್ಷರ ಅಡೆನೀನ್. ನಮ್ಮ ಕೋಶದ ರೈಬೋಸೋಮಿನ ಅದೇ ಜಾಗದಲ್ಲಿರುವುದು ಗ್ವಾನೀನ್. ಸಾವಿರಾರು ಅಕ್ಷರಗಳ ಸಾಲಿನಲ್ಲಿ ಆ ಒಂದು ಬದಲಾಗಿರುವುದರಿಂದ ಮದ್ದಿಗೆ ನಮ್ಮಲ್ಲಿ ಗಟ್ಟಿಯಾಗಿ ಕೂರಲು ತಾವು ಸಿಗುವುದಿಲ್ಲ. ರೈಬೋಸೋಮಿನ ಒಳರಚನೆಯನ್ನು ಬಿಡಿಸಿದ್ದಕ್ಕಾಗಿ 2009ರ ನೊಬೆಲ್ ಪಡೆದ ಮೂವರಲ್ಲಿ ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು.

2058 ಎಂಬ ಈ ಸಂಖ್ಯೆ ಮುಂದೆ ಮತ್ತೆ ಬರುತ್ತದೆ.

## ಪೆನಿಸಿಲಿನ್ ಇರುವಾಗ ಇದೇಕೆ ಬೇಕು?

ಪೆನಿಸಿಲಿನ್ ಗೋಡೆ ಕಟ್ಟುವ ಕೆಲಸವನ್ನು ಕೆಡಿಸುವ ಮದ್ದು. ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟಿ ಮುಗಿಯದಂತೆ ಅದು ನೋಡಿಕೊಳ್ಳುತ್ತದೆ. ಆದರೆ ಗೋಡೆಯೇ ಇಲ್ಲದ ಬ್ಯಾಕ್ಟೀರಿಯಾ ಬಂದರೆ? ನ್ಯುಮೋನಿಯಾ ತರುವ ಮೈಕೋಪ್ಲಾಸ್ಮಾ ಅಂಥದ್ದು, ಗುಡಾರದಲ್ಲಿ ಬದುಕುವ ಜೀವಿ. ಪೆನಿಸಿಲಿನ್‌ಗೆ ಅಲ್ಲಿ ಮಾಡಲು ಕೆಲಸವೇ ಇಲ್ಲ. ಎರಿತ್ರೋಮೈಸಿನ್ ಹಿಡಿಯುವುದು ಒಳಗಿನ ಯಂತ್ರವನ್ನು, ಹಾಗಾಗಿ ಅದು ನಾಟುತ್ತದೆ.

ಇನ್ನು ಕೆಲವು ಬ್ಯಾಕ್ಟೀರಿಯಾಗಳು ನಮ್ಮ ಜೀವಕೋಶಗಳ ಒಳಗೇ ಅಡಗಿ ಕೂರುತ್ತವೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದ ಹಲವರು ಗುರುತು ಸಿಗದ ನ್ಯುಮೋನಿಯಾಕ್ಕೆ ತುತ್ತಾದರು. ಎರಿತ್ರೋಮೈಸಿನ್ ಅಥವಾ ಟೆಟ್ರಾಸೈಕ್ಲಿನ್ ಪಡೆದವರು ಉಳಿದವರಿಗಿಂತ ಹೆಚ್ಚು ಚೇತರಿಸಿಕೊಂಡದ್ದು ಆಮೇಲೆ ದಾಖಲೆಗಳಲ್ಲಿ ಕಂಡಿತು. ಕಾರಣವಾದ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬಿಳಿಕಣಗಳ ಒಳಗೆ ಬೆಳೆಯುತ್ತದೆ. ಮ್ಯಾಕ್ರೋಲೈಡ್‌ಗಳು ಆ ಕಣಗಳ ಒಳಹೊಕ್ಕು ಶೇಖರವಾಗಬಲ್ಲವು.

ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಬದಲಿ ಮದ್ದಾಗಿಯೂ ಇದು ದಶಕಗಳ ಕಾಲ ನಡೆದುಬಂದಿದೆ. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟ ಮಕ್ಕಳಿಗೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಚುಚ್ಚುವುದನ್ನು ಹಲವರು ನೋಡಿರುತ್ತೀರಿ. ಅಲರ್ಜಿ ಇರುವ ಮಗುವಿಗೆ ಅದರ ಬದಲು ದಿನಾ ಎರಿತ್ರೋಮೈಸಿನ್ ಕೊಡುವ ಪದ್ಧತಿ ಇದೆ. ಆದರೆ ಒಂದು ಮಾತು. ಚಿಕ್ಕಂದಿನಲ್ಲಿ ಒಮ್ಮೆ ಮೈಮೇಲೆ ದದ್ದು ಎದ್ದಿತೆಂದು 'ಪೆನಿಸಿಲಿನ್ ಆಗದು' ಎಂಬ ಚೀಟಿ ಹೊತ್ತವರನ್ನು ಪರೀಕ್ಷಿಸಿ ನೋಡಿದರೆ ಬಹುಪಾಲು ಮಂದಿಗೆ ನಿಜವಾದ ಅಲರ್ಜಿ ಇರುವುದಿಲ್ಲ. ಅಮೆರಿಕದ ಲೆಕ್ಕದಲ್ಲಿ ಇದು ಹತ್ತರಲ್ಲಿ ಸುಮಾರು ಒಂಬತ್ತು. ಆ ಚೀಟಿ ಜೀವನವಿಡೀ ಬೆನ್ನು ಹತ್ತುವ ಮೊದಲು ವೈದ್ಯರ ಹತ್ತಿರ ಕೂತು ಮಾತಾಡುವುದು ಒಳ್ಳೆಯದು.

## ಅಜ್ಜಿಯ ಹೊಟ್ಟೆ ತಿರುಚಿದ್ದೇಕೆ

ಬಹುತೇಕ ಆ್ಯಂಟಿಬಯಾಟಿಕ್‌ಗಳು ಹೊಟ್ಟೆಗೆ ಸ್ವಲ್ಪ ತೊಂದರೆ ಕೊಡುತ್ತವೆ. ಎರಿತ್ರೋಮೈಸಿನ್‌ನದು ಮಾತ್ರ ಬೇರೆಯೇ ಬಗೆ.

ಊಟ ಕರಗಿ ಹೊಟ್ಟೆ ಖಾಲಿಯಾದ ಮೇಲೆ ಸುಮಾರು ಒಂದೂವರೆ ಗಂಟೆಗೊಮ್ಮೆ ಕರುಳಿನಲ್ಲಿ ಮೋಟಿಲಿನ್ ಎಂಬ ಹಾರ್ಮೋನು ಏರುತ್ತದೆ. ಅದರ ಕೆಲಸ ಕಸ ಗುಡಿಸುವುದು. ಹೊಟ್ಟೆಯಿಂದ ಹಿಡಿದು ಸಣ್ಣ ಕರುಳಿನ ಉದ್ದಕ್ಕೂ ಒಂದು ಅಲೆ ಎಬ್ಬಿಸಿ, ಉಳಿದ ಚೂರುಪಾರನ್ನು ಮುಂದಕ್ಕೆ ತಳ್ಳುತ್ತದೆ. ಹಸಿದಾಗ ಹೊಟ್ಟೆ ಗುರ್ ಎನ್ನುವುದು ಈ ಹೊತ್ತಿನಲ್ಲೇ. ಎರಿತ್ರೋಮೈಸಿನ್ ಅಣುವಿಗೆ ಮೋಟಿಲಿನ್‌ನ ಬೀಗಕ್ಕೆ ಹೊಂದುವ ಕೀಲಿಯಾಗುವ ಗುಣವಿದೆ. ಮಾತ್ರೆ ನುಂಗಿದವರ ಹೊಟ್ಟೆ ಹೊತ್ತಲ್ಲದ ಹೊತ್ತಿನಲ್ಲಿ ಗುಡಿಸಲು ಶುರುಮಾಡುತ್ತದೆ. ಅಜ್ಜಿಗೆ ಆದದ್ದು ಇದು. ಅಲರ್ಜಿಯಲ್ಲ, ಮದ್ದು 'ಉಷ್ಣ'ವಾದದ್ದೂ ಅಲ್ಲ.

ಈ ದೋಷವನ್ನೇ ವೈದ್ಯರು ಉಪಕಾರಕ್ಕೆ ಬಳಸಿಕೊಂಡರು. ಹಲವು ವರ್ಷದ ಸಕ್ಕರೆ ಕಾಯಿಲೆಯಿಂದ ನರಗಳು ಸೊರಗಿದಾಗ ಕೆಲವರ ಹೊಟ್ಟೆ ಚಲನೆಯನ್ನೇ ಮರೆಯುತ್ತದೆ, ಬೆಳಗ್ಗೆ ತಿಂದದ್ದು ರಾತ್ರಿಯವರೆಗೂ ಅಲ್ಲೇ ಕೂತಿರುತ್ತದೆ. ಅಂಥವರಿಗೆ ಸಣ್ಣ ಪ್ರಮಾಣದ ಎರಿತ್ರೋಮೈಸಿನ್ ಹೊಟ್ಟೆಯನ್ನು ಎಬ್ಬಿಸುತ್ತದೆ. ಕೆಲವು ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಹೋಗುವುದರಿಂದ ಈ ಉಪಯೋಗ ಬಹಳ ಕಾಲ ನಿಲ್ಲುವುದಿಲ್ಲ. ರಕ್ತ ವಾಂತಿಯಾಗಿ ಬಂದವರಿಗೆ ಎಂಡೋಸ್ಕೋಪಿ ಮಾಡುವ ಮೊದಲು ರಕ್ತನಾಳದ ಮೂಲಕ ಒಂದು ಡೋಸ್ ಕೊಡುವುದೂ ಇದೆ. ಹೊಟ್ಟೆಯಲ್ಲಿ ಹೆಪ್ಪುಗಟ್ಟಿದ ರಕ್ತ ಕೆಳಗೆ ಸರಿದು, ಎಲ್ಲಿಂದ ರಕ್ತ ಬರುತ್ತಿದೆ ಎಂಬುದು ಕ್ಯಾಮೆರಾಗೆ ಕಾಣುತ್ತದೆ. ಅಲ್ಲಿ ಇದರ ಕೆಲಸಕ್ಕೂ ಬ್ಯಾಕ್ಟೀರಿಯಾಕ್ಕೂ ಸಂಬಂಧವೇ ಇಲ್ಲ.

## ವಂಶದ ಕಿರಿಯರು

ಎರಿತ್ರೋಮೈಸಿನ್‌ಗೆ ಹೊಟ್ಟೆಯ ಆಮ್ಲ ತಾಳಿಕೊಳ್ಳುವ ಶಕ್ತಿ ಇಲ್ಲ. ಬಳೆಯ ಒಳಗಿನ ಕೈಗಳು ಆಮ್ಲದಲ್ಲಿ ಒಂದಕ್ಕೊಂದು ಹೆಣೆದುಕೊಂಡು ಆಕಾರವೇ ಬದಲಾಗುತ್ತದೆ, ಮದ್ದು ಕೆಲಸಕ್ಕೆ ಬಾರದಂತಾಗುತ್ತದೆ. ಅದಕ್ಕಾಗಿ ಮಾತ್ರೆಗೆ ಆಮ್ಲ ತಡೆಯುವ ಲೇಪ ಹಾಕಿದರು, ಸ್ಟಿಯರೇಟ್, ಎಸ್ಟೊಲೇಟ್, ಈಥೈಲ್‌ಸಕ್ಸಿನೇಟ್ ಎಂಬ ರೂಪಗಳಲ್ಲಿ ತಯಾರಿಸಿದರು. ಸ್ಟ್ರಿಪ್ಪಿನ ಮೇಲೆ ಹೆಸರಿನ ಪಕ್ಕ ಇರುವ ಈ ಪದಕ್ಕೆ ಅರ್ಥವಿದೆ. ಊಟಕ್ಕೆ ಮೊದಲೋ ಆಮೇಲೋ ಎಂಬುದು ಅದರ ಮೇಲೆ ನಿಂತಿದೆ. ಇನ್ನೊಂದು ತೊಡಕು, ಮದ್ದು ರಕ್ತದಲ್ಲಿ ಎರಡು ಗಂಟೆಯೊಳಗೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಸಲ ನುಂಗಬೇಕು.

1980ರ ಸುಮಾರಿಗೆ ಎರಡು ಕಡೆ ಬಳೆಯನ್ನು ತಿದ್ದಿದರು. ಜಪಾನಿನ ತೈಶೋ ಕಂಪನಿಯವರು ಹೆಣೆದುಕೊಳ್ಳುವ ಒಂದು ಕೈಗೆ ಪುಟ್ಟ ಟೋಪಿ ತೊಡಿಸಿದರು, ಅದು ಕ್ಲಾರಿತ್ರೋಮೈಸಿನ್ ಆಯಿತು. ಝಾಗ್ರೆಬ್‌ನ ಪ್ಲಿವಾ ಕಂಪನಿಯವರು ಬಳೆಗೆ ಒಂದು ಸಾರಜನಕ ಸೇರಿಸಿ 15ರ ಬಳೆ ಮಾಡಿದರು, ಅದು ಅಜಿತ್ರೋಮೈಸಿನ್. ಇದು ಆಮ್ಲಕ್ಕೆ ಜಗ್ಗುವುದು ಕಡಿಮೆ, ಅಂಗಾಂಶಗಳಲ್ಲಿ ದಿನಗಟ್ಟಲೆ ನಿಲ್ಲುತ್ತದೆ. ದಿನಕ್ಕೊಂದರಂತೆ ಮೂರೋ ಐದೋ ಮಾತ್ರೆಗೆ ಚಿಕಿತ್ಸೆ ಮುಗಿಯುತ್ತದೆ. ನಾಯಿಕೆಮ್ಮು, ನ್ಯುಮೋನಿಯಾಗಳಲ್ಲಿ ಕಿರಿಯರು ಹಿರಿಯರ ಜಾಗ ಹಿಡಿದದ್ದು ಹೀಗೆ.

## ಗಿರಣಿಯಲ್ಲಿ ಸಿಕ್ಕಿಕೊಂಡ ಚೀಲ

ನಾವು ನುಂಗುವ ಅನೇಕ ಮದ್ದುಗಳನ್ನು ಯಕೃತ್ತಿನ ಒಂದು ಕಿಣ್ವ ಅರೆದು ಹೊರಹಾಕುತ್ತದೆ. ಊರಿಗೊಂದೇ ಹಿಟ್ಟಿನ ಗಿರಣಿ ಇದ್ದಂತೆ. ಎರಿತ್ರೋಮೈಸಿನ್ ಈ ಗಿರಣಿಯ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಹಿಂದೆ ಸಾಲಿನಲ್ಲಿದ್ದವರ ಚೀಲಗಳು ಅರೆಯದೆ ರಾಶಿ ಬೀಳುತ್ತವೆ, ಅಂದರೆ ಬೇರೆ ಮದ್ದುಗಳು ರಕ್ತದಲ್ಲಿ ಮಿತಿಮೀರಿ ಏರುತ್ತವೆ.

ಕೊಲೆಸ್ಟರಾಲ್‌ಗೆ ಸಿಮ್ವಾಸ್ಟಾಟಿನ್ ನುಂಗುವವರ ಸ್ನಾಯುಗಳಿಗೆ ಪೆಟ್ಟಾಗಬಹುದು, ಫಿಟ್ಸ್‌ಗೆ ಕಾರ್ಬಮಜೆಪೀನ್ ತೆಗೆದುಕೊಳ್ಳುವವರಿಗೆ ತಲೆಸುತ್ತು, ತೂರಾಟ ಶುರುವಾಗಬಹುದು, ರಕ್ತ ತೆಳುವಾಗಿಸುವ ವಾರ್ಫರಿನ್‌ನ ಪ್ರಭಾವ ಹೆಚ್ಚಿ ರಕ್ತಸ್ರಾವವಾಗಬಹುದು. ಹೃದಯದ ವಿಷಯ ಇನ್ನೂ ಸೂಕ್ಷ್ಮ. ಎರಿತ್ರೋಮೈಸಿನ್ ತಾನೇ ಹೃದಯದ ವಿದ್ಯುತ್ ಲಯವನ್ನು ತುಸು ಎಳೆಯುತ್ತದೆ. ಅದೇ ಕಿಣ್ವವನ್ನು ತಡೆಯುವ ಇನ್ನೊಂದು ಮದ್ದು ಜೊತೆಗೂಡಿದರೆ ಎರಿತ್ರೋಮೈಸಿನ್ನೇ ಏರಿಬಿಡುತ್ತದೆ. 2004ರಲ್ಲಿ ಅಮೆರಿಕದ ಟೆನೆಸಿಯ ದಾಖಲೆಗಳನ್ನು ಆಧರಿಸಿ ಪ್ರಕಟವಾದ ಅಧ್ಯಯನದಲ್ಲಿ, ಬಿಪಿಗೆ ಬಳಸುವ ಡಿಲ್ಟಿಯಾಜೆಮ್, ವೆರಪಮಿಲ್ ಅಥವಾ ಕೆಲವು ಶಿಲೀಂಧ್ರನಾಶಕ ಮಾತ್ರೆಗಳ ಜೊತೆ ಇದನ್ನು ನುಂಗಿದವರಲ್ಲಿ ಹಠಾತ್ ಹೃದಯ ಸಾವಿನ ಪ್ರಮಾಣ ಇವೆರಡನ್ನೂ ನುಂಗದವರಿಗಿಂತ ಐದು ಪಟ್ಟು ಇತ್ತು. ದಿನಾ ನುಂಗುವ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಮುಂದೆ ಇಡಿ ಎಂದು ಇದಕ್ಕಾಗಿಯೇ ಹೇಳುವುದು.

## ಹಸುಗೂಸು, ಗರ್ಭಿಣಿ

1999ರಲ್ಲಿ ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ನಾಯಿಕೆಮ್ಮು ಹರಡದಿರಲೆಂದು ಸುಮಾರು 200 ನವಜಾತ ಶಿಶುಗಳಿಗೆ ಎರಿತ್ರೋಮೈಸಿನ್ ಕೊಟ್ಟರು. ಅವರಲ್ಲಿ ಏಳು ಶಿಶುಗಳಿಗೆ ಹೊಟ್ಟೆಯ ಕೆಳಬಾಗಿಲಿನ ಸ್ನಾಯು ದಪ್ಪಗಾಗಿ ಹಾಲು ಮುಂದೆ ಹೋಗದೆ ವಾಂತಿಯಾಗುವ ತೊಂದರೆ ಕಾಣಿಸಿಕೊಂಡಿತು. ಹೀಗಾಗಿ ತಿಂಗಳೊಳಗಿನ ಕೂಸಿಗೆ ನಾಯಿಕೆಮ್ಮಿದ್ದರೆ ಈಗ ಅಜಿತ್ರೋಮೈಸಿನ್‌ಗೆ ಆದ್ಯತೆ.

ಗರ್ಭಿಣಿಗೆ ದಿನ ತುಂಬುವ ಮುಂಚೆಯೇ, ನೋವು ಶುರುವಾಗದೆ, ನೀರಿನ ಚೀಲ ಒಡೆದರೆ ಎರಿತ್ರೋಮೈಸಿನ್ ಕೊಡುವ ಪದ್ಧತಿ ಗಟ್ಟಿಯಾದದ್ದು 2001ರ ಒರಾಕಲ್ ಎಂಬ ದೊಡ್ಡ ಪ್ರಯೋಗದ ನಂತರ. ಸೋಂಕು ಒಳಹೋಗದಂತೆ ಅದು ಸ್ವಲ್ಪ ಸಮಯ ಗಳಿಸಿಕೊಡುತ್ತದೆ. ಆದರೆ ಚೀಲ ಒಡೆಯದೆ ಬರೀ ನೋವು ಬೇಗ ಶುರುವಾದವರಲ್ಲಿ ಇದರಿಂದ ಲಾಭ ಕಾಣಲಿಲ್ಲ. ಅಂಥ ತಾಯಂದಿರ ಮಕ್ಕಳನ್ನು ಏಳನೆಯ ವಯಸ್ಸಿನಲ್ಲಿ ನೋಡಿದಾಗ, ಮದ್ದು ಪಡೆದ ಗುಂಪಿನಲ್ಲಿ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಹಾನಿಯಿಂದ ಕೈಕಾಲುಗಳ ಚಲನೆ ಹಿಡಿತಕ್ಕೆ ಸಿಗದ ತೊಂದರೆ, ಹೆಚ್ಚಿತ್ತು. ಒಂದೇ ಮದ್ದು, ಹತ್ತಿರ ಹತ್ತಿರದ ಎರಡು ಸಂದರ್ಭ. 'ಇರಲಿ, ಒಂದು ಆ್ಯಂಟಿಬಯಾಟಿಕ್ ಕೊಟ್ಟುಬಿಡಿ' ಎನ್ನುವಾಗ ನಾವು ಏನು ಕೇಳುತ್ತಿದ್ದೇವೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಇನ್ನೊಂದು ತೋಚುವುದಿಲ್ಲ.

## ಮದ್ದು ನಾಟದಂತಾಗುವುದು ಹೇಗೆ

ಮದ್ದನ್ನು ತಯಾರಿಸುವ ಮಣ್ಣಿನ ಜೀವಿಯೂ ಬ್ಯಾಕ್ಟೀರಿಯಾವೇ. ತನ್ನ ಮದ್ದಿಗೆ ತಾನೇ ಏಕೆ ಬಲಿಯಾಗುವುದಿಲ್ಲ? ಅದು ತನ್ನ ರೈಬೋಸೋಮಿನ 2058ರ ಅಕ್ಷರಕ್ಕೆ ಒಂದು ಸಣ್ಣ ರಾಸಾಯನಿಕ ಮುಳ್ಳು ಸಿಕ್ಕಿಸಿಕೊಂಡಿರುತ್ತದೆ. ಮದ್ದು ಅಲ್ಲಿ ಕೂರಲಾರದು. ಕಾಯಿಲೆ ತರುವ ಬ್ಯಾಕ್ಟೀರಿಯಾಗಳಿಗೂ ಇದೇ ವಿದ್ಯೆ ಸಿದ್ಧಿಸಿದೆ. ಅದನ್ನು ಕಲಿಸುವ ಜೀನ್‌ಗಳು ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ.

ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಗಾಯದ ಕೀವಿನಿಂದ ಸಿಕ್ಕ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾವನ್ನು ಅಗಾರ್ ಎಂಬ ಜೆಲ್ಲಿ ಹರಡಿದ ತಟ್ಟೆಯ ತುಂಬ ಸವರಿ, ಮೇಲೆ ಎರಡು ಪುಟ್ಟ ಕಾಗದದ ಬಿಲ್ಲೆ ಇಡುತ್ತಾರೆ. ಒಂದರಲ್ಲಿ ಎರಿತ್ರೋಮೈಸಿನ್, ಪಕ್ಕದ್ದರಲ್ಲಿ ರೈಬೋಸೋಮಿನ ಅದೇ ಜಾಗದ ಹತ್ತಿರ ಕೂರುವ ಇನ್ನೊಂದು ಆ್ಯಂಟಿಬಯಾಟಿಕ್, ಕ್ಲಿಂಡಮೈಸಿನ್. ಮರುದಿನ ತೆರೆದರೆ ಕ್ಲಿಂಡಮೈಸಿನ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ದುಂಡನೆಯ ಬಯಲು ಇರಬೇಕು. ಕೆಲವು ತಟ್ಟೆಗಳಲ್ಲಿ ಎರಿತ್ರೋಮೈಸಿನ್ ಕಡೆಗಿರುವ ಅಂಚು ಮಾತ್ರ ಚಪ್ಪಟೆಯಾಗಿ, ಬಯಲು ಇಂಗ್ಲಿಷಿನ 'ಡಿ' ಅಕ್ಷರದಂತೆ ಕಾಣುತ್ತದೆ. ಅಲ್ಲಿಯವರೆಗೆ ಮಲಗಿದ್ದ ಜೀನ್ ಎರಿತ್ರೋಮೈಸಿನ್ ತಗುಲಿ ಎಚ್ಚೆತ್ತು, ಅದೇ ಮುಳ್ಳು ಸಿಕ್ಕಿಸಿ, ಪಕ್ಕದ ಮದ್ದನ್ನೂ ನಾಟದಂತೆ ಮಾಡಿರುತ್ತದೆ. ಈ ಪರೀಕ್ಷೆಯ ಹೆಸರೇ ಡಿ ಟೆಸ್ಟ್.

ಬಳಕೆ ಇಳಿದರೆ ಇದು ತಗ್ಗಬಹುದೇ? ಫಿನ್ಲೆಂಡಿನ ಅನುಭವ ಹೌದೆನ್ನುತ್ತದೆ. 1990ರ ದಶಕದ ಆರಂಭದಲ್ಲಿ ಅಲ್ಲಿನ ವೈದ್ಯರಿಗೆ ಮ್ಯಾಕ್ರೋಲೈಡ್ ಬರೆಯುವುದನ್ನು ಕಡಿಮೆ ಮಾಡಲು ಸೂಚಿಸಲಾಯಿತು. ಗಂಟಲುನೋವು ತರುವ ಗ್ರೂಪ್ ಎ ಸ್ಟ್ರೆಪ್ಟೊಕಾಕಸ್‌ನಲ್ಲಿ ಎರಿತ್ರೋಮೈಸಿನ್‌ಗೆ ಬಗ್ಗದ ತಳಿಗಳು 1992ರಲ್ಲಿ ಶೇ. 16.5 ಇದ್ದದ್ದು 1996ರ ಹೊತ್ತಿಗೆ ಶೇ. 8.6ಕ್ಕೆ ಇಳಿದವು. ಇದು ಒಬ್ಬಿಬ್ಬರು ಮಾಡಿದ್ದಲ್ಲ, ಇಡೀ ದೇಶ ಕೈ ಬಿಗಿಹಿಡಿದದ್ದರ ಫಲ. ವಿಶ್ವ ಆರೋಗ್ಯ ಸಂಸ್ಥೆ ಇಡೀ ಮ್ಯಾಕ್ರೋಲೈಡ್ ಮನೆತನವನ್ನು, ಅಜಿತ್ರೋಮೈಸಿನ್ ಸೇರಿದಂತೆ, ಕಣ್ಗಾವಲಿನಲ್ಲಿಟ್ಟು ಬಳಸಬೇಕಾದ ಗುಂಪಿಗೆ ಸೇರಿಸಿದೆ.

## ಮತ್ತೆ ಆ ಮನೆಗೆ

ಗಂಟಲಮಾರಿಯ ಬ್ಯಾಕ್ಟೀರಿಯಾ ಗಂಟಲಲ್ಲೇ ಕೂತು ಒಂದು ವಿಷವನ್ನು ತಯಾರಿಸುತ್ತದೆ. ಆ ವಿಷ ರಕ್ತದಲ್ಲಿ ಹರಿದು ಹೃದಯ, ನರಗಳನ್ನು ಕೆಡಿಸುತ್ತದೆ. ಆಗಲೇ ಹರಿಯುತ್ತಿರುವ ವಿಷವನ್ನು ಹಿಡಿಯಲು ಆಸ್ಪತ್ರೆಯಲ್ಲಿ ಕುದುರೆಯ ರಕ್ತದಿಂದ ತಯಾರಿಸಿದ ಪ್ರತಿವಿಷ ಕೊಡುತ್ತಾರೆ. ಎರಿತ್ರೋಮೈಸಿನ್ ಮಾಡುವುದು ಇನ್ನೊಂದು ಕೆಲಸ. ಆ ವಿಷವೂ ಒಂದು ಪ್ರೋಟೀನು. ಒರಳಿನ ಬಾಯಿ ಕಟ್ಟಿದರೆ ಹೊಸ ವಿಷ ಇಳಿಯುವುದಿಲ್ಲ, ಬ್ಯಾಕ್ಟೀರಿಯಾ ಬೇರೆಯವರಿಗೆ ದಾಟುವುದೂ ನಿಲ್ಲುತ್ತದೆ.

ಮಗುವನ್ನು ಎತ್ತಿ ಮುದ್ದಾಡಿದ ಅಜ್ಜಿಯ ಗಂಟಲಲ್ಲಿ ಅದೇ ಬ್ಯಾಕ್ಟೀರಿಯಾ ಸದ್ದಿಲ್ಲದೆ ಕೂತಿರಬಹುದು. ಅವರಿಗೆ ಜ್ವರ ಬರದೆಯೂ ಇರಬಹುದು, ಆದರೆ ಲಸಿಕೆ ತಪ್ಪಿಸಿಕೊಂಡ ಪಕ್ಕದ ಮನೆಯ ಹುಡುಗನಿಗೆ ಅವರ ಒಂದು ಕೆಮ್ಮು ಸಾಕು. ಹಾಗಾಗಿ ಜೊತೆಯಲ್ಲಿದ್ದವರಿಗೆಲ್ಲ 7ರಿಂದ 10 ದಿನ ಮಾತ್ರೆ, ಕಾಯಿಲೆ ಬಿದ್ದ ಮಗುವಿಗೆ 14 ದಿನದ ಚಿಕಿತ್ಸೆ. ಹೊಟ್ಟೆ ತಿರುಚಿದರೆ ಅಜ್ಜಿ ಮಾತ್ರೆಯನ್ನು ಮೂಲೆಗಿಡದೆ ಆಶಾ ಕಾರ್ಯಕರ್ತೆಗೆ ಹೇಳಬೇಕು. ಹೊತ್ತು ಬದಲಿಸುವುದೋ, ಬೇರೆ ರೂಪದ ಮಾತ್ರೆ ಕೊಡುವುದೋ, ಅಜಿತ್ರೋಮೈಸಿನ್‌ಗೆ ಹೋಗುವುದೋ ಎಂದು ವೈದ್ಯರು ನೋಡುತ್ತಾರೆ. ದೊಡ್ಡವರು, ಚಿಕ್ಕವರು ಎಲ್ಲರ ಲಸಿಕೆಯ ಲೆಕ್ಕವನ್ನೂ ಆಗಲೇ ಕೇಳುತ್ತಾರೆ, ಬಾಕಿ ಇದ್ದರೆ ಚುಚ್ಚುತ್ತಾರೆ.

ಮಗುವಿನ ಚಿಕಿತ್ಸೆ ಮುಗಿದ ಮೇಲೆ ಹತ್ತಿಯ ಕಡ್ಡಿಯಿಂದ ಗಂಟಲು ಸವರಿ ಮತ್ತೆ ಪರೀಕ್ಷೆಗೆ ಕಳಿಸುತ್ತಾರೆ, ಕನಿಷ್ಠ ಒಂದು ದಿನದ ಅಂತರದಲ್ಲಿ ಎರಡು ಸಲ. ಎರಡರಲ್ಲೂ ಬ್ಯಾಕ್ಟೀರಿಯಾ ಕಾಣದಿದ್ದರೆ ಮಗು ಮತ್ತೆ ಅಜ್ಜಿಯ ಮಡಿಲಿಗೆ. ಕಂಡರೆ ಇನ್ನೂ ಹತ್ತು ದಿನ ಮಾತ್ರೆ.